ಮನೆಯಲ್ಲಿ ಕಟ್ಟಿದ ಹಳೆಯ ಕಾರು: ಅದನ್ನು ಪರೀಕ್ಷಿಸುವ ಬಗೆ

ಮೋಟಾರು ಕಾರಿನ ಜನ್ಮವೃತ್ತಾಂತವನ್ನು ಹುಡುಕುತ್ತ ಹಿಂದೆ ಹಿಂದೆ ಹೋದರೆ ನಾವು ಕೊನೆಗೆ ತಲಪುವುದು ಒಬ್ಬಿಬ್ಬರು ದುಡಿಯುತ್ತಿದ್ದ ಸಣ್ಣ ಕೊಟ್ಟಿಗೆಗಳನ್ನು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟು ಬೇಡಿ ಅರ್ಜಿ ಸಲ್ಲಿಸಿದ್ದು 1886ರ ಜನವರಿ 29ರಂದು. ಅದಾದ ಹತ್ತು ವರ್ಷಗಳಿಗೆ, 1896ರ ಜೂನ್ 4ರ ಬೆಳಗಿನ ಜಾವದಲ್ಲಿ, ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹೆನ್ರಿ ಫೋರ್ಡನು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತನ್ನ ಮೊದಲ ಗಾಡಿಯನ್ನು ಕಟ್ಟಿ ಮುಗಿಸಿದನು. ಆಗ ನೋಡಿದರೆ ಗಾಡಿ ಬಾಗಿಲಿಗಿಂತ ಅಗಲವಾಗಿತ್ತು! ಗೋಡೆಯ ಇಟ್ಟಿಗೆಗಳನ್ನು ಒಡೆದು ಅದನ್ನು ಹೊರಕ್ಕೆ ತರಬೇಕಾಯಿತು. ಸೈಕಲ್ಲಿನಂಥ ಚಕ್ರಗಳಿದ್ದ ಆ ಗಾಡಿಗೆ ಹಿಂದಕ್ಕೆ ಚಲಿಸುವ ಗೇರು ಇರಲಿಲ್ಲ. ಫೋರ್ಡನು ಅದನ್ನು 200 ಡಾಲರಿಗೆ ಮಾರಿಬಿಟ್ಟನು. ಮುಂದೆ ಅದರ ಬೆಲೆಯನ್ನರಿತು ತಾನೇ ಮರಳಿ ಕೊಂಡನು. ಇಂದು ಅದು ವಸ್ತುಸಂಗ್ರಹಾಲಯದಲ್ಲಿ ಭದ್ರವಾಗಿದೆ.

ನಮ್ಮ ನಾಡಿನಲ್ಲಿಯೂ ಇಂಥ ಸಾಹಸಗಳು ನಡೆದಿವೆ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಭಾರತದಲ್ಲಿ ಕಾರು ತಯಾರಿಸುವ ಕಂಪನಿಗಳು ಬೆರಳೆಣಿಕೆಯಷ್ಟಿದ್ದವು. ಹೊರದೇಶದಿಂದ ತರಿಸುವುದಕ್ಕೆ ಕಟ್ಟುನಿಟ್ಟಾದ ನಿರ್ಬಂಧವಿತ್ತು. ಹಣ ಕಟ್ಟಿದವರೂ ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು. ಆ ಕಾಲದಲ್ಲಿ ಬೆಳಗಾವಿ ಜಿಲ್ಲೆಯ ಗಡಿಗೆ ಸಮೀಪದಲ್ಲಿರುವ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬವರು ಜನಸಾಮಾನ್ಯರ ಕೈಗೆ ಎಟುಕಬಹುದಾದ ಸಣ್ಣ ಕಾರೊಂದನ್ನು ತಾವೇ ನಿರ್ಮಿಸಲು ಹೊರಟರು. 1949ರಲ್ಲಿ ಅವರ ಮೊದಲ ಮಾದರಿ ಸಿದ್ಧವಾಯಿತು. ‘ಮೀರಾ’ ಎಂದು ಹೆಸರಾದ ಆ ಕಾರನ್ನು ಅವರು ಎರಡು ದಶಕಗಳ ಕಾಲ ತಿದ್ದಿ ತಿದ್ದಿ ಹೊಸ ಹೊಸ ರೂಪಗಳಲ್ಲಿ ಕಟ್ಟಿದರು. ಆದರೆ ಮೀರಾ ಕಾರ್ಖಾನೆಯ ಸಾಲಿನಲ್ಲಿ ಸಾವಿರಗಟ್ಟಲೆ ತಯಾರಾಗುವ ಭಾಗ್ಯವನ್ನು ಕಾಣಲಿಲ್ಲ. 1960ರ ದಶಕದಲ್ಲಿ ತಿರುವನಂತಪುರದಲ್ಲಿ ನಿರ್ಮಾಣಗೊಂಡ ‘ಅರವಿಂದ್’ ಕಾರಿನ ಕಥೆಯೂ ಬಹುಮಟ್ಟಿಗೆ ಇದೇ.

ಹೆಸರು ಪಡೆದ ಈ ಗಾಡಿಗಳ ಜೊತೆಗೆ ಹೆಸರೇ ಇಲ್ಲದವೂ ಇರುತ್ತವೆ. ಕೈಚಳಕವುಳ್ಳ ಮಿಸ್ತ್ರಿಯೊಬ್ಬನು ಮೋಟಾರು ಸೈಕಲ್ಲಿನ ಎಂಜಿನು, ಹಳೆಯ ಜೀಪಿನ ಅಚ್ಚು, ಬೇರೊಂದು ಕಾರಿನ ಚುಕ್ಕಾಣಿ ಇವುಗಳನ್ನು ಕೂಡಿಸಿ, ಕೈಯಿಂದ ಬಡಿದ ತಗಡನ್ನು ಹೊದಿಸಿ ಒಂದು ಕಾರನ್ನು ಕಟ್ಟುತ್ತಾನೆ. ಕೆಲವು ವರ್ಷ ಓಡಿಸುತ್ತಾನೆ. ಆಮೇಲೆ ಅದು ಮೂಲೆಗೆ ಸೇರುತ್ತದೆ. ಮೂರನೆಯ ತಲೆಮಾರಿನ ಹುಡುಗನೊಬ್ಬನು ಧೂಳು ಒರೆಸಿ, ‘ಇದನ್ನು ಮತ್ತೆ ಓಡಿಸಬಹುದೆ?’ ಎಂದು ಕೇಳುತ್ತಾನೆ. ಈ ಪ್ರಶ್ನೆಗೆ ಉತ್ತರ ಹೇಳುವ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಪ್ರಶ್ನೆ ಸುಲಭವಾದುದಲ್ಲ. ಕಂಪನಿಯ ಹಳೆಯ ಕಾರಾದರೆ ಅದಕ್ಕೊಂದು ಕೈಪಿಡಿ ಇರುತ್ತದೆ, ಅಳತೆಗಳ ಪಟ್ಟಿ ಇರುತ್ತದೆ, ಅದೇ ಮಾದರಿಯ ಇನ್ನೊಂದು ಕಾರು ಎಲ್ಲಿಯಾದರೂ ಸಿಗುತ್ತದೆ. ಮನೆಯಲ್ಲಿ ಕಟ್ಟಿದ ಕಾರಿಗೆ ಇವಾವುವೂ ಇಲ್ಲ. ಆ ಗಾಡಿಯೇ ಅದರ ನಕ್ಷೆ. ಅದೇ ಅದರ ಕೈಪಿಡಿ. ಅಳೆಯದೆ ಬಿಚ್ಚಿದರೆ ಇರುವ ಒಂದೇ ಪ್ರತಿಯನ್ನು ಓದದೆ ಹರಿದಂತಾಗುವುದು. ಇನ್ನೊಂದು ಕಡೆ, ಕಟ್ಟಿದವನ ಲೆಕ್ಕಾಚಾರ ಸರಿಯಾಗಿತ್ತು ಎಂಬುದಕ್ಕೆ ಯಾವ ಪ್ರಯೋಗಾಲಯದ ಪ್ರಮಾಣಪತ್ರವೂ ಇರುವುದಿಲ್ಲ. ಆದ್ದರಿಂದ ಗಾಡಿಯ ಮೇಲಿನ ಗೌರವ ಮತ್ತು ಗಾಡಿಯ ಮೇಲಿನ ಸಂಶಯ ಇವೆರಡನ್ನೂ ಪರೀಕ್ಷಕನು ಒಟ್ಟಿಗೆ ಇಟ್ಟುಕೊಂಡಿರಬೇಕು.

ಬಿಚ್ಚುವ ಮುನ್ನ

ಚಿಂಚೋಳಿ ಸೀಮೆಯ ಐನಾಪುರದಂಥ ಒಂದು ಊರಿನ ಕೊಟ್ಟಿಗೆಯಲ್ಲಿ ಇಂಥ ಕಾರೊಂದು ನಿಂತಿದೆ ಎಂದು ಭಾವಿಸೋಣ. ಲೆಕ್ಕಕ್ಕೆ ಅನುಕೂಲವಾಗಲೆಂದು ಅದರ ತೂಕ 700 ಕಿಲೋಗ್ರಾಂ, ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಣ ದೂರ 2 ಮೀಟರ್, ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವಣ ಅಂತರ 1.15 ಮೀಟರ್ ಎಂದು ಇಟ್ಟುಕೊಳ್ಳೋಣ.

ಮೊದಲನೆಯ ದಿನ ಕೈಗೆ ಪಾನಾ ತೆಗೆದುಕೊಳ್ಳಬಾರದು. ಕಾಗದ, ಪೆನ್ಸಿಲು, ಅಳತೆಯ ಟೇಪು ಮತ್ತು ಛಾಯಾಚಿತ್ರದ ಸಾಧನ ಇವಿಷ್ಟು ಸಾಕು. ಈಗ ಎಲ್ಲರ ಜೇಬಿನಲ್ಲಿಯೂ ಮೊಬೈಲು ಇರುವುದರಿಂದ ಚಿತ್ರ ತೆಗೆಯುವುದು ಕಷ್ಟವಲ್ಲ. ಪ್ರತಿಯೊಂದು ಜೋಡಣೆಯ ಪಕ್ಕದಲ್ಲಿ ಅಳತೆಯ ಪಟ್ಟಿಯನ್ನಿಟ್ಟು ಚಿತ್ರ ತೆಗೆಯಬೇಕು. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಬೋಲ್ಟಿನ ಕೆಳಗೆ ಎಷ್ಟು ವಾಷರುಗಳಿವೆ ಎಂಬಂಥ ಸಣ್ಣ ಸಂಗತಿಗಳನ್ನೂ ಬರೆದಿಡಬೇಕು. ಎರಡು ವಾಷರುಗಳ ಬದಲು ಮೂರಿದ್ದರೆ ಅದು ಮರೆವಿನಿಂದಾದುದೆಂದು ತಿಳಿಯಬೇಡಿ. ಚಕ್ರದ ಓರೆಯನ್ನು ತಿದ್ದಲು ಕಟ್ಟಿದವನು ಕಂಡುಕೊಂಡ ಉಪಾಯ ಅದಾಗಿರಬಹುದು.

ಬಿಡಿಭಾಗಗಳ ಮೂಲವನ್ನೂ ಗುರುತಿಸಬೇಕು. ಎಂಜಿನಿನ ಮೇಲೆ, ಗೇರು ಪೆಟ್ಟಿಗೆಯ ಮೇಲೆ, ಅಚ್ಚಿನ ಕವಚದ ಮೇಲೆ ಎರಕದಲ್ಲಿ ಮೂಡಿಸಿದ ಅಥವಾ ಒತ್ತಿದ ಸಂಖ್ಯೆಗಳಿರುತ್ತವೆ. ಅವುಗಳಿಂದ ಆ ಭಾಗ ಯಾವ ಕಂಪನಿಯದು, ಎಷ್ಟು ಹಳೆಯದು ಎಂಬುದು ತಿಳಿಯುತ್ತದೆ. ಇಡೀ ಕಾರು ಒಂದೇ ಆದರೂ ಅದರ ಅಂಗಾಂಗಗಳು ಸಾವಿರಗಟ್ಟಲೆ ತಯಾರಾದ ಗಾಡಿಗಳಿಂದ ಬಂದಿರುವುದರಿಂದ, ಸವೆದ ಭಾಗಕ್ಕೆ ಬದಲಿ ದೊರಕುವ ಸಂಭವ ನಾವು ಎಣಿಸಿದ್ದಕ್ಕಿಂತ ಹೆಚ್ಚಾಗಿಯೇ ಇರುತ್ತದೆ.

ಹಂದರದ ಪರೀಕ್ಷೆ

ಕಾರಿನ ಅಂದ ಇರುವುದು ತಗಡಿನಲ್ಲಿ. ಪ್ರಾಣ ಇರುವುದು ಹಂದರದಲ್ಲಿ. ಹಂದರವೆಂದರೆ ನಾವು ಸಾಮಾನ್ಯವಾಗಿ ಚಾಸಿ ಎಂದು ಕರೆಯುವ ಭಾಗ. ಅದು ನೆಟ್ಟಗಿದೆಯೆ ಎಂಬುದನ್ನು ನೋಡಲು ಮಟ್ಟವಾದ ನೆಲ ಬೇಕು. ಈ ವಿಷಯದಲ್ಲಿ ನಮ್ಮ ಸೀಮೆ ಭಾಗ್ಯಶಾಲಿ. ಶಹಾಬಾದಿನ ಕಲ್ಲು ಪದರು ಪದರಾಗಿ ಬಿಡಿಸಿಕೊಳ್ಳುವ ಸುಣ್ಣಕಲ್ಲು; ಅದರ ಫರ್ಶಿ ಹಾಸಿದ ಒಂದು ಪಡಸಾಲೆ ಸಿಕ್ಕರೆ ಸಾಕು. ಗೌಂಡಿಗಳು ಬಳಸುವ, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ನೆಲದ ಏರುತಗ್ಗನ್ನು ಮೊದಲೇ ತಿಳಿದುಕೊಳ್ಳಬಹುದು. ಕೊಳವೆಯ ಎರಡು ತುದಿಗಳಲ್ಲಿಯೂ ನೀರು ಒಂದೇ ಎತ್ತರದಲ್ಲಿ ನಿಲ್ಲುವುದೆಂಬ ನಿಯಮವೇ ಇಲ್ಲಿ ನಮ್ಮ ಉಪಕರಣ.

ಹಂದರದ ನಾಲ್ಕು ಮೂಲೆಗಳಲ್ಲಿ ಎಡಬಲಕ್ಕೆ ಸರಿಜೋಡಿಯಾದ ಬಿಂದುಗಳನ್ನು ಆರಿಸಿ, ಅಲ್ಲಿಂದ ತೂಗುಗುಂಡನ್ನು ಇಳಿಬಿಟ್ಟು, ಗುಂಡಿನ ತುದಿ ನೆಲವನ್ನು ಮುಟ್ಟುವಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಬೇಕು. ಕಾರನ್ನು ಪಕ್ಕಕ್ಕೆ ಸರಿಸಿ, ಕರ್ಣಗಳೆರಡನ್ನೂ ಅಳೆಯಬೇಕು. ಎರಡೂ ಸಮವಾಗಿದ್ದರೆ ಹಂದರ ಓರೆಯಾಗಿಲ್ಲ. ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದರೆ ಗಾಬರಿಪಡಬೇಕಾಗಿಲ್ಲ. ಕೈಕೆಲಸದಲ್ಲಿ ಅಷ್ಟು ಸಹಜ. ಸೆಂಟಿಮೀಟರುಗಳಷ್ಟು ಬಂದರೆ ಎಂದೋ ಅಪಘಾತವಾಗಿದೆ ಅಥವಾ ಮೊದಲಿನಿಂದಲೂ ಹಂದರ ಓರೆಯಾಗಿಯೇ ಇದೆ ಎಂದು ತಿಳಿಯಬೇಕು.

ಅನಂತರ ಜಂಗಿನ ಪರೀಕ್ಷೆ. ಕಬ್ಬಿಣವು ಆಮ್ಲಜನಕ ಮತ್ತು ನೀರಿನೊಡನೆ ಸೇರಿ ಜಂಗಾದಾಗ ಅದರ ಗಾತ್ರ ಮೂಲ ಲೋಹದ ಗಾತ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ. ಆದುದರಿಂದಲೇ ಎರಡು ತಗಡುಗಳ ನಡುವೆ ಸೇರಿಕೊಂಡ ಜಂಗು ಅವುಗಳನ್ನು ಬೆಣೆಯಂತೆ ಸೀಳಿ ಉಬ್ಬಿಸುತ್ತದೆ. ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗೆ ಪುಟ್ಟಿ ಮೆತ್ತಿರಬಹುದು. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಒಡಲಿನ ಮೇಲೆ ಎಳೆದುಕೊಂಡು ಹೋದರೆ ಪುಟ್ಟಿ ದಪ್ಪವಾಗಿರುವಲ್ಲಿ ಅದರ ಹಿಡಿತ ತಪ್ಪುತ್ತದೆ. ಅಲ್ಯೂಮಿನಿಯಂ ತಗಡಿಗೂ ಗಾಜಿನ ನಾರಿನ ಒಡಲಿಗೂ ಈ ಉಪಾಯ ಸಲ್ಲದು. ಅಲ್ಲಿ ನಾಣ್ಯದಿಂದ ಮೆಲ್ಲಗೆ ಬಡಿದು ಸದ್ದನ್ನು ಕೇಳಬೇಕು. ಗಟ್ಟಿಯಾಗಿರುವಲ್ಲಿ ಸದ್ದು ಸ್ಪಷ್ಟ. ಪದರು ಬಿಟ್ಟಿರುವಲ್ಲಿ ಮಂಕು.

ಜಂಗು ತಿಂದ ಲೋಹದ ಬಲವನ್ನು ಲೆಕ್ಕ ಹಾಕುವಾಗ ಒಂದು ಭೇದವನ್ನು ಗಮನಿಸಬೇಕು. ಚಪ್ಪಟೆ ತಗಡಿನ ಬಾಗದಿರುವ ಗುಣ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. 1.2 ಮಿಲಿಮೀಟರ್ ದಪ್ಪದ ತಗಡು 0.9 ಮಿಲಿಮೀಟರಿಗೆ ಇಳಿದರೆ ಕಳೆದುಹೋದದ್ದು ಕಾಲುಭಾಗ ಲೋಹ ಮಾತ್ರ. ಆದರೆ ಅದರ ಬಿಗಿತನ ನೂರರಲ್ಲಿ 42ಕ್ಕೆ ಕುಸಿಯುತ್ತದೆ. ಪೆಟ್ಟಿಗೆಯಾಕಾರದ ಕೊಳವೆಯ ಸಂಗತಿ ಬೇರೆ. ಅಲ್ಲಿ ಗೋಡೆ ಮೂರರಲ್ಲಿ ಒಂದು ಭಾಗ ತೆಳುವಾದರೆ ಬಿಗಿತನವೂ ಸುಮಾರಾಗಿ ಅಷ್ಟೇ ಕಡಿಮೆಯಾಗುತ್ತದೆ. ಕೊಳವೆಯ ಹಂದರ ಹಳೆಯದಾದರೂ ಬಾಳುವುದಕ್ಕೆ ಇದೇ ಕಾರಣ. ಆದರೆ ಜಂಗು ಸಮನಾಗಿ ತಿನ್ನುವುದಿಲ್ಲ, ಗುಳಿ ಗುಳಿಯಾಗಿ ತಿನ್ನುತ್ತದೆ. ಒತ್ತಡವೆಲ್ಲ ಗುಳಿಯ ಅಂಚಿನಲ್ಲಿ ಕೂಡಿಕೊಂಡು ಬಿರುಕು ಅಲ್ಲಿಂದಲೇ ಆರಂಭವಾಗುತ್ತದೆ.

ಬಿರುಕು ಹೆಚ್ಚಾಗಿ ಹುಟ್ಟುವುದು ಬೆಸುಗೆಯ ಪಕ್ಕದಲ್ಲಿ. ಅದನ್ನು ಕಾಣಲು ಹಳೆಯ ಕಾರ್ಯಾಗಾರಗಳ ಉಪಾಯವೊಂದಿದೆ. ಬೆಸುಗೆಯನ್ನು ತಂತಿಯ ಕುಂಚದಿಂದ ಚೊಕ್ಕಟಮಾಡಿ ಸೀಮೆಎಣ್ಣೆ ಸವರಬೇಕು. ಸ್ವಲ್ಪ ಹೊತ್ತಿನ ಮೇಲೆ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ನುಣ್ಣನೆಯ ಪುಡಿಯನ್ನು ಉದುರಿಸಬೇಕು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮೇಲಕ್ಕೆ ಜಿನುಗಿ ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆಯನ್ನೆಳೆಯುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಹೀರುವ ಅದೇ ಕೇಶಾಕರ್ಷಣ ಇಲ್ಲಿಯೂ ಕೆಲಸ ಮಾಡುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ಈ ಕಾರ್ಯಕ್ಕೆಂದೇ ಸಿದ್ಧಪಡಿಸಿದ ಬಣ್ಣದ ದ್ರವಗಳು ಅಂಗಡಿಗಳಲ್ಲಿ ಸಿಗುತ್ತವೆ. ಈ ಪರೀಕ್ಷೆಯನ್ನು ಮಾಡುವಾಗ ಹತ್ತಿರ ಬೆಂಕಿ ಇರಕೂಡದೆಂದು ಬೇರೆ ಹೇಳಬೇಕಾಗಿಲ್ಲ.

ತೊಗರಿಯ ತಕ್ಕಡಿಯಲ್ಲಿ ಕಾರು

ಕಾರು ಎಷ್ಟು ತೂಗುತ್ತದೆ ಎಂಬುದಕ್ಕಿಂತ ಆ ತೂಕ ಎಲ್ಲಿ ಕುಳಿತಿದೆ ಎಂಬುದು ಮುಖ್ಯ. ಲಾರಿಗಳನ್ನು ತೂಗುವ ವೇಬ್ರಿಜ್ಜು ಸಿಮೆಂಟಿನ ಊರುಗಳಾದ ವಾಡಿ, ಸೇಡಂಗಳಲ್ಲಿ ಸುಲಭವಾಗಿ ಸಿಗುವುದಾದರೂ ಅದು 5 ಅಥವಾ 10 ಕಿಲೋಗ್ರಾಮಿನ ಹೆಜ್ಜೆಯಲ್ಲಿ ಎಣಿಸುತ್ತದೆ. ನಮ್ಮ ಕೆಲಸಕ್ಕೆ ತೊಗರಿಯ ಚೀಲ ತೂಗುವ ಅಡತಿ ಅಂಗಡಿಯ ತಕ್ಕಡಿಯೇ ಮೇಲು. ಒಂದು ಚಕ್ರದ ಕೆಳಗೆ ತಕ್ಕಡಿಯನ್ನೂ ಉಳಿದ ಚಕ್ರಗಳ ಕೆಳಗೆ ಅಷ್ಟೇ ಎತ್ತರದ ಹಲಗೆಗಳನ್ನೂ ಇಟ್ಟು, ನಾಲ್ಕೂ ಚಕ್ರಗಳನ್ನು ಸರದಿಯಂತೆ ತೂಗಬಹುದು.

ಮುಂದಿನ ಚಕ್ರಗಳೆರಡೂ ಸೇರಿ 300, ಹಿಂದಿನವು ಸೇರಿ 400 ಕಿಲೋಗ್ರಾಂ ಆದವೆನ್ನೋಣ. ಸನ್ನೆಗೋಲಿನ ನಿಯಮದಂತೆ ಗುರುತ್ವಕೇಂದ್ರವು ಮುಂದಿನ ಅಚ್ಚಿನಿಂದ ಹಿಂದಕ್ಕೆ 2 ಮೀಟರಿನ ಏಳರಲ್ಲಿ ನಾಲ್ಕು ಭಾಗದಷ್ಟು, ಎಂದರೆ 1.14 ಮೀಟರ್ ದೂರದಲ್ಲಿದೆ. ಅದರ ಎತ್ತರವನ್ನು ತಿಳಿಯಲು, ಪಾಟಾಗಳು ಕುಗ್ಗದಂತೆ ಮರದ ತುಂಡುಗಳನ್ನು ಬಿಗಿದು, ಹಿಂದಿನ ಚಕ್ರಗಳನ್ನು ಅರ್ಧ ಮೀಟರ್ ಎತ್ತರಿಸಿ ಭದ್ರವಾಗಿ ನಿಲ್ಲಿಸಬೇಕು. ಆಗ ಮುಂದಿನ ಚಕ್ರಗಳ ಮೇಲಣ ಭಾರ ಸ್ವಲ್ಪ ಹೆಚ್ಚುತ್ತದೆ. ಆ ಹೆಚ್ಚಳ 20 ಕಿಲೋಗ್ರಾಂ ಎಂದಾದರೆ ಗುರುತ್ವಕೇಂದ್ರವು ಚಕ್ರದ ನಡುವಿನ ಮಟ್ಟಕ್ಕಿಂತ 22 ಸೆಂಟಿಮೀಟರ್ ಮೇಲಿದೆ. ಚಕ್ರದ ತ್ರಿಜ್ಯ 28 ಸೆಂಟಿಮೀಟರ್ ಆದರೆ ನೆಲದಿಂದ ಅದರ ಎತ್ತರ ಅರ್ಧ ಮೀಟರ್. ತಕ್ಕಡಿಯಲ್ಲಿ 10 ಕಿಲೋಗ್ರಾಮಿನ ತಪ್ಪಾದರೆ ಉತ್ತರದಲ್ಲಿ 11 ಸೆಂಟಿಮೀಟರಿನ ತಪ್ಪು ಬರುವುದು. ವೇಬ್ರಿಜ್ಜು ಇಲ್ಲಿ ಸಾಲದೆಂದು ಹೇಳಿದ್ದು ಇದಕ್ಕಾಗಿಯೇ.

ಈ ಅಂಕೆಯಿಂದ ಪ್ರಯೋಜನವೇನು? ತಿರುವಿನಲ್ಲಿ ಗಾಡಿ ಮಗುಚುವುದೋ ಇಲ್ಲವೋ ಎಂಬುದನ್ನು ಇದು ಮುಂದಾಗಿ ಹೇಳುತ್ತದೆ. ಚಕ್ರಗಳ ನಡುವಣ ಅಗಲದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ನಮ್ಮ ನಾಲ್ಕು ಚಕ್ರದ ಕಾರಿಗೆ 1.15 ಎಂಬ ಉತ್ತರ ಬರುತ್ತದೆ. ಒಣಗಿದ ಡಾಂಬರು ರಸ್ತೆಯ ಮೇಲೆ ಟೈರಿನ ಘರ್ಷಣಾಂಕ ಸಾಮಾನ್ಯವಾಗಿ 0.7ರಿಂದ 0.8. ಎಂದರೆ ಈ ಕಾರು ಮಗುಚುವುದಕ್ಕೆ ಮೊದಲು ಜಾರುತ್ತದೆ. ಅದೇ ಅಳತೆಯ ಗಾಡಿಗೆ ಮುಂದೆ ಒಂದೇ ಚಕ್ರವಿದ್ದರೆ ಉತ್ತರ ಸುಮಾರು 0.66ಕ್ಕೆ ಇಳಿಯುತ್ತದೆ. ಅಂಥ ಗಾಡಿ 20 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 41 ಕಿಲೋಮೀಟರ್ ವೇಗದಲ್ಲಿ ಹೊರಳಿದರೆ ಒಳಗಿನ ಚಕ್ರ ನೆಲ ಬಿಡುವುದು. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಸಂಸ್ಥೆ ತಯಾರಿಸಿದ, ಗಾಜಿನ ನಾರಿನ ಒಡಲಿನ ‘ಬಾದಲ್’ ಕಾರಿಗೆ ಮೂರೇ ಚಕ್ರಗಳಿದ್ದುದನ್ನು ಹಿರಿಯ ವಾಚಕರು ಬಲ್ಲರು. ಅಂಥ ಗಾಡಿಗಳಲ್ಲಿ ಗುರುತ್ವಕೇಂದ್ರವನ್ನು ಆದಷ್ಟು ತಗ್ಗಿನಲ್ಲಿಯೂ ಜೋಡಿಚಕ್ರಗಳ ಅಚ್ಚಿಗೆ ಸಮೀಪದಲ್ಲಿಯೂ ಇಡಬೇಕಾಗುತ್ತದೆ.

ಚುಕ್ಕಾಣಿಯ ಕೋನ

ಕಾರು ತಿರುಗುವಾಗ ಒಳಗಿನ ಚಕ್ರ ಚಿಕ್ಕ ವೃತ್ತದಲ್ಲಿಯೂ ಹೊರಗಿನದು ದೊಡ್ಡ ವೃತ್ತದಲ್ಲಿಯೂ ಸಾಗುತ್ತದೆ. ಆದುದರಿಂದ ಮುಂದಿನ ಎರಡು ಚಕ್ರಗಳು ಒಂದೇ ಕೋನದಲ್ಲಿ ಹೊರಳಬಾರದು. ಇದಕ್ಕೆ ತಕ್ಕ ಜೋಡಣೆಯನ್ನು ಕುದುರೆಗಾಡಿಗಳ ಕಾಲದಲ್ಲಿಯೇ ಮ್ಯೂನಿಕ್ ನಗರದ ಗಾಡಿ ನಿರ್ಮಾಪಕ ಲಾಂಕೆನ್‌ಸ್ಪೆರ್ಗರ್ ಕಂಡುಹಿಡಿದಿದ್ದನು. 1818ರಲ್ಲಿ ಅದಕ್ಕೆ ಲಂಡನ್ನಿನಲ್ಲಿ ಪೇಟೆಂಟು ಪಡೆದ ಆಕರ್ಮನ್ ಎಂಬವನ ಹೆಸರೇ ಅದಕ್ಕೆ ನಿಂತುಬಿಟ್ಟಿದೆ. ನಮ್ಮ ಕಾರಿನ ಅಳತೆಗೆ ಒಳಗಿನ ಚಕ್ರ 30 ಡಿಗ್ರಿ ಹೊರಳಿದಾಗ ಹೊರಗಿನದು ಸುಮಾರು 23 ಡಿಗ್ರಿ ಮಾತ್ರ ಹೊರಳಬೇಕು.

ಮನೆಯಲ್ಲಿ ಕಟ್ಟಿದ ಕಾರಿನಲ್ಲಿ ಇದು ತಪ್ಪುವ ಸಂಭವ ಹೆಚ್ಚು. ಉದ್ದನೆಯ ಗಾಡಿಯೊಂದರ ಮುಂದಿನ ಅಚ್ಚನ್ನು ತಂದು ಗಿಡ್ಡ ಗಾಡಿಗೆ ಕೂಡಿಸಿದಾಗ ಕೋನಗಳ ಹೊಂದಿಕೆ ಕೆಡುತ್ತದೆ. ಪರೀಕ್ಷೆ ಸುಲಭ: ಚಕ್ರಗಳು ನೇರವಾಗಿರುವಾಗ ಚುಕ್ಕಾಣಿಯ ತೋಳುಗಳೆರಡರ ನೇರಕ್ಕೂ ದಾರವನ್ನು ಹಿಂದಕ್ಕೆ ಎಳೆದು ನೋಡಿದರೆ ಅವೆರಡೂ ಹಿಂದಿನ ಅಚ್ಚಿನ ನಡುವಿನ ಹತ್ತಿರ ಕೂಡಬೇಕು. ತೀರ ಮುಂದಕ್ಕೋ ಹಿಂದಕ್ಕೋ ಕೂಡಿದರೆ ತಿರುವಿನಲ್ಲಿ ಟೈರುಗಳು ಉಜ್ಜಿ ಸವೆಯುವುವು. ಇಷ್ಟರಿಂದ ಪ್ರಾಣಾಪಾಯವಿಲ್ಲ. ಅಪಾಯವಿರುವುದು ಚುಕ್ಕಾಣಿಯ ಸಂದುಗಳ ಸಡಿಲಿನಲ್ಲಿ ಮತ್ತು ಕತ್ತರಿಸಿ ಬೆಸೆದ ಚುಕ್ಕಾಣಿಯ ದಂಡದಲ್ಲಿ. ಅಂಥ ಬೆಸುಗೆ ಕಂಡರೆ ಅದನ್ನು ತೆಗೆದು, ಆ ಕೆಲಸ ಬಲ್ಲವರಿಂದ ಹೊಸ ದಂಡವನ್ನು ಮಾಡಿಸುವುದೇ ಕ್ಷೇಮ. ಹಳೆಯದನ್ನು ಚೀಟಿ ಕಟ್ಟಿ ಜೋಪಾನವಾಗಿಡಬಹುದು.

ಓಟಕ್ಕಿಂತ ಮೊದಲು ತಡೆ

ಹಳೆಯ ಕಾರು ಕೈಗೆ ಬಂದವರೆಲ್ಲ ಮೊದಲು ಎಂಜಿನು ಹೊತ್ತಿಸಲು ಆತುರಪಡುತ್ತಾರೆ. ಬ್ರೇಕನ್ನು ನೋಡದೆ ಎಂಜಿನನ್ನು ಮುಟ್ಟಬಾರದು. 700 ಕಿಲೋಗ್ರಾಮಿನ ಕಾರು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಚಲಿಸುವಾಗ ಅದರ ಚಲನಶಕ್ತಿ ಸುಮಾರು 24,000 ಜೌಲ್. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗಿ ಸುಮಾರು 97,000 ಜೌಲ್ ಆಗುತ್ತದೆ. ಈ ಶಕ್ತಿಯನ್ನೆಲ್ಲ ಬ್ರೇಕುಗಳು ಶಾಖವಾಗಿ ಮಾರ್ಪಡಿಸಬೇಕು. ಘರ್ಷಣಾಂಕ 0.6 ಇರುವ ರಸ್ತೆಯಲ್ಲಿ, ನಾಲ್ಕೂ ಚಕ್ರಗಳ ಬ್ರೇಕು ಪೂರ್ತಿ ಹಿಡಿದರೆ, 30 ಕಿಲೋಮೀಟರ್ ವೇಗದಿಂದ ನಿಲ್ಲಲು 6 ಮೀಟರ್ ಸಾಕು. 60ರಿಂದ ನಿಲ್ಲಲು 24 ಮೀಟರ್ ಬೇಕು. ಚಾಲಕನು ಎಚ್ಚೆತ್ತು ಕಾಲೊತ್ತುವ ಒಂದು ಸೆಕೆಂಡಿನಲ್ಲಿ ಇನ್ನೂ 17 ಮೀಟರ್ ಕಳೆದಿರುತ್ತದೆ. ಸ್ಕೂಟರಿನಂಥ ಹಗುರ ಗಾಡಿಯ ಬ್ರೇಕುಗಳನ್ನು ಇಷ್ಟು ಭಾರದ ಕಾರಿಗೆ ಹಾಕಿದ್ದರೆ ಆಗುವ ಅನರ್ಥವನ್ನು ವಾಚಕರೇ ಊಹಿಸಬಹುದು.

ಬ್ರೇಕಿನ ದ್ರವ ಗಾಳಿಯಿಂದ ನೀರನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ದ್ರವ ಕುದಿದು ಆವಿಯಾದರೆ ಪೆಡಲು ಮೆತ್ತಗಾಗಿ ಕೆಳಕ್ಕಿಳಿಯುತ್ತದೆ, ಗಾಡಿ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಹಳೆಯ ದ್ರವ, ರಬ್ಬರಿನ ಕೊಳವೆಗಳು, ಒಳಗಿನ ರಬ್ಬರಿನ ಬಿಲ್ಲೆಗಳು ಇವನ್ನೆಲ್ಲ ಪರೀಕ್ಷಿಸುವ ಗೊಡವೆಯೇ ಬೇಡ, ಬದಲಾಯಿಸಿಬಿಡಬೇಕು. ಟೈರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2000ದಿಂದ ಈಚಿನ ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ಓಡದೆ ನಿಂತ ಟೈರೂ ಮುಪ್ಪಾಗುತ್ತದೆ.

ಎಂಜಿನಿನ ಸರದಿ

ಬಹುಕಾಲ ನಿಂತ ಎಂಜಿನನ್ನು ಸ್ಟಾರ್ಟರಿನಿಂದ ತಿರುಗಿಸಲು ಹೋಗಬಾರದು. ಪ್ಲಗ್ಗುಗಳನ್ನು ತೆಗೆದು, ಸಿಲಿಂಡರಿನೊಳಕ್ಕೆ ಸ್ವಲ್ಪ ತೆಳು ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಕೈಯಿಂದ ಮೆಲ್ಲಗೆ ತಿರುಗಿಸಬೇಕು. ತಿರುಗಿದರೆ ಅನಂತರ ಸಂಪೀಡನ ಮಾಪಕವನ್ನು ಹಾಕಿ ನೋಡಬೇಕು. ಸಿಲಿಂಡರುಗಳ ಅಂಕೆಗಳು ಒಂದಕ್ಕೊಂದು ಹತ್ತಿರವಿರುವುದು ಶುಭಲಕ್ಷಣ. ಯಾವುದಾದರೂ ಒಂದು ಕಡಿಮೆಯಾದರೆ ಅದರೊಳಕ್ಕೆ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಅಂಕೆ ಏರಿದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ. ಏರದಿದ್ದರೆ ದೋಷ ಕವಾಟಗಳಲ್ಲಿದೆ.

ಮೋಟಾರು ಸೈಕಲ್ಲಿನ ಎಂಜಿನಾಗಿದ್ದರೆ ಇನ್ನೊಂದು ಪ್ರಶ್ನೆಯುಂಟು. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ಒದಗುವುದು ಹೆಚ್ಚೆಂದರೆ ಸುಮಾರು ನಾಲ್ಕರಲ್ಲಿ ಒಂದು ಪಾಲು. ಉಳಿದದ್ದು ಬಹುತೇಕ ಶಾಖವಾಗಿ ಹೊರಬೀಳುತ್ತದೆ. ಮೋಟಾರು ಸೈಕಲ್ಲಿನಲ್ಲಿ ಎದುರುಗಾಳಿಯೇ ಆ ಶಾಖವನ್ನು ಒಯ್ಯುತ್ತದೆ. ಕಾರಿನ ಹೊಟ್ಟೆಯಲ್ಲಿ ಗಾಳಿ ಎಲ್ಲಿಂದ ಬರಬೇಕು? ಕಟ್ಟಿದವನು ಬೀಸಣಿಗೆಯನ್ನಿಟ್ಟನೋ ತಗಡಿನ ಕಾಲುವೆಯನ್ನು ಮಾಡಿದನೋ ಎಂಬುದನ್ನು ಹುಡುಕಿ ನೋಡಬೇಕು. ಕೆಲಸಕ್ಕೆ ಬಾರದಂತೆ ತೋರುವ ತಗಡಿನ ತುಂಡೊಂದು ಆ ಕಾಲುವೆಯ ಭಾಗವಾಗಿರಬಹುದು. ಅದನ್ನು ಎಸೆದವರಿಗೆ ಎಂಜಿನು ಬಿಸಿಯಾಗುವುದೇಕೆಂಬುದು ಒಗಟಾಗಿಯೇ ಉಳಿಯುವುದು.

ಇಂದಿನ ಪೆಟ್ರೋಲೂ ಅಂದಿನದಲ್ಲ. ಈಗ ನಮ್ಮ ದೇಶದಲ್ಲಿ ಮಾರಾಟವಾಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರ ವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಇಂಧನದ ಕೊಳವೆಗಳನ್ನು ಎಥನಾಲ್ ತಾಳುವ ರಬ್ಬರಿಗೆ ಬದಲಾಯಿಸದೆ ಎಂಜಿನು ಹೊತ್ತಿಸುವುದು ಬೆಂಕಿಯೊಡನೆ ಆಟವಾಡಿದಂತೆ.

ನಿಂತ ನೆಲದ ಗುಣ

ಕಾರು ಎಲ್ಲಿ ನಿಂತಿತ್ತೆಂಬುದು ಅದರ ಆರೋಗ್ಯದ ಅರ್ಧ ಕಥೆಯನ್ನು ಹೇಳುತ್ತದೆ. ಕರಾವಳಿಯ ಉಪ್ಪುಗಾಳಿಗೆ ಹೋಲಿಸಿದರೆ ಕಲಬುರಗಿ ಸೀಮೆಯ ಒಣಹವೆ ಕಬ್ಬಿಣಕ್ಕೆ ಹಿತಕರ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿ ರಬ್ಬರನ್ನೂ ತಂತಿಗಳ ಹೊದಿಕೆಯನ್ನೂ ಬಿರಿಸುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕುಬಿಡುವುದರಿಂದ ಅದರ ಮೇಲೆ ವರ್ಷಗಟ್ಟಲೆ ನಿಂತ ಕಾರಿನ ಒಂದು ಚಕ್ರ ಕುಸಿದು ಹಂದರ ತಿರುಚಿಕೊಳ್ಳಬಹುದು. ಹಂದರದ ಒಳಮೂಲೆಗಳಲ್ಲಿ ಮೆತ್ತಿಕೊಂಡ ಎರೆಮಣ್ಣು ತೇವವನ್ನು ಬಹುಕಾಲ ಹಿಡಿದಿಟ್ಟುಕೊಂಡು ಜಂಗನ್ನು ಪೋಷಿಸುತ್ತದೆ. ವಾಡಿ, ಶಹಾಬಾದ್, ಸೇಡಂಗಳ ಕಡೆ ಸಿಮೆಂಟಿನ ಧೂಳು ಕುಳಿತಿದ್ದರೆ ಅದನ್ನು ಮೊದಲು ಒಣ ಕುಂಚದಿಂದ ತೆಗೆಯಬೇಕು. ತೇವಗೊಂಡರೆ ಅದು ಗಟ್ಟಿಯಾಗುವುದಲ್ಲದೆ ತನ್ನ ಕ್ಷಾರಗುಣದಿಂದ ಬಣ್ಣವನ್ನೂ ಅಲ್ಯೂಮಿನಿಯಮನ್ನೂ ಕೆಡಿಸುತ್ತದೆ. ಒಡಲಿನ ಒಳಗೆ ಮರದ ಚೌಕಟ್ಟಿದ್ದರೆ ಗೆದ್ದಲಿನ ಹುಡುಕಾಟವೂ ಆಗಬೇಕು.

ಕಾಗದಪತ್ರ ಮತ್ತು ಕಾನೂನು

ಇಷ್ಟೆಲ್ಲ ಪರೀಕ್ಷೆಗಳಲ್ಲಿ ಕಾರು ತೇರ್ಗಡೆಯಾದರೂ ರಸ್ತೆಗಿಳಿಯಲು ಕಾಗದ ಬೇಕು. 1988ರ ಮೋಟಾರು ವಾಹನ ಕಾಯಿದೆಯಂತೆ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ತಯಾರಕನು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ. 2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಹಂದರ, ಒಡಲು, ಎಂಜಿನುಗಳು ಗಣನೀಯವಾಗಿ ಬದಲಾಗದೆ ಮೂಲರೂಪದಲ್ಲಿರುವ ದ್ವಿಚಕ್ರ ಹಾಗೂ ಚತುಶ್ಚಕ್ರ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ಸಂಖ್ಯೆ ದೊರಕುತ್ತದೆ. ಹೊಸ ನೋಂದಣಿಗೆ ಗೊತ್ತುಪಡಿಸಿದ ಶುಲ್ಕ 20,000 ರೂಪಾಯಿ; ಅದು 10 ವರ್ಷ ಸಲ್ಲುತ್ತದೆ. ಅಂಥ ವಾಹನವನ್ನು ಪ್ರದರ್ಶನ, ಸಂಶೋಧನೆ, ಹಳೆಯ ಕಾರುಗಳ ಮೆರವಣಿಗೆ, ದುರಸ್ತಿ ಮತ್ತು ಇಂಧನ ತುಂಬಿಸುವಿಕೆ ಇವುಗಳಿಗಾಗಿ ಮಾತ್ರ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕೆ ಸಲ್ಲದು.

ಆದ್ದರಿಂದ ಪರೀಕ್ಷಕನು ಕೊಟ್ಟಿಗೆಯನ್ನು ನೋಡಿದಷ್ಟೇ ಶ್ರದ್ಧೆಯಿಂದ ಮನೆಯ ಹಳೆಯ ಪೆಟ್ಟಿಗೆಗಳನ್ನೂ ನೋಡಬೇಕು. ಕಲಬುರಗಿ ಸೀಮೆ 1956ರ ನವೆಂಬರ್ 1ರ ವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಅದಕ್ಕೂ ಹಿಂದಿನ ಗಾಡಿಯ ಕಾಗದ ಆ ರಾಜ್ಯದ ಹೆಸರಿನಲ್ಲಿರುವುದು ಸಹಜ. ಹಳೆಯ ನೋಂದಣಿ ಪುಸ್ತಕ ಸಿಕ್ಕರೆ ಅದರಲ್ಲಿರುವ ಸಂಖ್ಯೆಗಳನ್ನು ಎಂಜಿನು ಮತ್ತು ಹಂದರದ ಮೇಲಿನ ಸಂಖ್ಯೆಗಳೊಡನೆ ತಾಳೆ ನೋಡಿ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಯಾವ ಕಾಗದವೂ ಇಲ್ಲದಿದ್ದರೆ ಆ ಕಾರಿಗೆ ರಸ್ತೆಯ ಯೋಗವಿಲ್ಲವೆಂದು ಮೊದಲೇ ತಿಳಿದುಕೊಂಡು ಖರ್ಚನ್ನು ಅದಕ್ಕೆ ತಕ್ಕಂತೆ ಮಿತಗೊಳಿಸುವುದು ವಿವೇಕ.

ಕೊನೆಯ ತೀರ್ಮಾನ

ಈಗ ನಮ್ಮ ಮುಂದೆ ಮೂರು ದಾರಿಗಳಿವೆ. ಹಂದರ ಗಟ್ಟಿಯಾಗಿದ್ದು, ತಿರುವು ಮತ್ತು ತಡೆಯ ಲೆಕ್ಕಗಳು ಒಪ್ಪುವಂತಿದ್ದು, ಕಾಗದವೂ ಇದ್ದರೆ ಕಾರನ್ನು ಪೂರ್ಣವಾಗಿ ಪುನರುಜ್ಜೀವನಗೊಳಿಸಬಹುದು. ಹಂದರ ಗಟ್ಟಿಯಾಗಿದ್ದು ಕಾಗದವಿಲ್ಲದಿದ್ದರೆ, ಅಥವಾ ವಿನ್ಯಾಸವೇ ಅಪಾಯಕಾರಿಯಾಗಿದ್ದರೆ, ಜಂಗನ್ನು ತಡೆದು ಸ್ವಚ್ಛಗೊಳಿಸಿ ಪ್ರದರ್ಶನದ ವಸ್ತುವಾಗಿ ಕಾಪಾಡಬಹುದು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವೇ ಇದೆ. ನಿಂತಲ್ಲೇ ನಿಂತ ಕಾರೂ ನೋಡುವವರಿಗೆ ಎಷ್ಟನ್ನು ಕಲಿಸಬಲ್ಲದೆಂಬುದನ್ನು ಅಲ್ಲಿ ಕಾಣಬಹುದು. ಹಂದರವೇ ಕರಗಿಹೋಗಿದ್ದರೆ ಅಳತೆಗಳನ್ನೂ ಚಿತ್ರಗಳನ್ನೂ ಸಂಗ್ರಹಿಸಿ, ಮುಖ್ಯ ಭಾಗಗಳನ್ನು ಉಳಿಸಿಕೊಂಡು, ಗಾಡಿಗೆ ವಿದಾಯ ಹೇಳಬೇಕಾಗುವುದು.

ಮೊದಲನೆಯ ದಾರಿ ಹಿಡಿದವರು ಖರ್ಚಿನ ಪಟ್ಟಿಯನ್ನು ಪರೀಕ್ಷೆಯ ಕ್ರಮದಲ್ಲಿಯೇ ಬರೆಯಲಿ: ಹಂದರ, ಚುಕ್ಕಾಣಿ, ಬ್ರೇಕು, ಟೈರು, ವಿದ್ಯುತ್ ತಂತಿಗಳು, ಎಂಜಿನು, ಎಲ್ಲಕ್ಕೂ ಕೊನೆಗೆ ಬಣ್ಣ. ಬಣ್ಣದಿಂದ ಆರಂಭಿಸಿದವರ ಹಣ ಬ್ರೇಕಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ.

ಹಳೆಯ ಕಟ್ಟಡಗಳ ರಕ್ಷಣೆಗಾಗಿ 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಒಂದು ಸೂತ್ರವನ್ನು ಹಾಕಿಕೊಟ್ಟರು. ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂಬುದು ಅದರ ತಾತ್ಪರ್ಯ. ಮನೆಯಲ್ಲಿ ಕಟ್ಟಿದ ಕಾರಿಗೂ ಅದು ಚೆನ್ನಾಗಿ ಒಪ್ಪುತ್ತದೆ. ಬಾಗಿಲಿನ ತಗಡು ತುಸು ಸೊಟ್ಟಗಿದ್ದರೆ ಇರಲಿ. ಅದು ಕಟ್ಟಿದವನ ಸುತ್ತಿಗೆಯ ಸಹಿ. ಆದರೆ ಅವನ ಬ್ರೇಕು ಸಾಲದಿದ್ದರೆ ಅದನ್ನು ಧಾರಾಳವಾಗಿ ತಿದ್ದೋಣ. ಹಾಗೆ ತಿದ್ದಿದೆವೆಂಬುದನ್ನು ದಿನಾಂಕಸಹಿತ ಬರೆದಿಡೋಣ. ಇಚಲಕರಂಜಿಯ ಕುಲಕರ್ಣಿಯವರು ಎರಡು ದಶಕಗಳ ಕಾಲ ತಮ್ಮ ಕಾರನ್ನು ತಾವೇ ತಿದ್ದಿದವರು. ಮನೆಯಲ್ಲಿ ಕಾರು ಕಟ್ಟುವವನಿಗೆ ತಿದ್ದುಪಡಿಯೆಂಬುದು ಕೆಲಸದ ಒಂದು ಭಾಗವೇ ಆಗಿತ್ತು. ನಾಳೆ ಆ ಕಾರನ್ನು ಪರೀಕ್ಷಿಸಲು ಬರುವವನಿಗೆ, ಹಿಂದೆ ಯಾರಿಗೂ ದೊರಕದಿದ್ದ ಕೈಪಿಡಿಯೊಂದು ಈ ಬರವಣಿಗೆಯಿಂದ ದೊರಕಿದಂತಾಗುವುದು.